ಹರಿದ್ವಾರದ ಮುಡಿ, ನೋಯ್ಡಾದ ಮೊಡವೆ

ನನ್ನ ತಲೆಯ ಬಗ್ಗೆ ನಾನು ಕೈಗೊಂಡ ನಿರ್ಧಾರ ಅತ್ಯಂತ ವಿವೇಕದ್ದಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಲು ಸಂದರ್ಭ ಒದಗಲಾರದು.

ಆರ್.ಕೆ.ಪುರಂನ ಒಂದು ಸೆಕ್ಟರ್ ಮಾರುಕಟ್ಟೆಯಲ್ಲಿ ನಮ್ಮ ಹೋಟೆಲಿದೆ. ಇಡ್ಲಿ, ವಡೆ, ದೋಸೆ, ಮಧ್ಯಾಹ್ನ ಊಟ. ಕುಂದಾಪುರದ ಕಡೆಯಿಂದ ಬಂದ ಅಪ್ಪ ಶುರುಮಾಡಿದ್ದು. ಗಲ್ಲಾದ ಹಿಂದಿನ ಗೋಡೆಯಲ್ಲಿ ಅಪ್ಪನ ದೊಡ್ಡ ಫೋಟೋ, ಅದಕ್ಕೊಂದು ಗಂಧದ ಹಾರ. ಫೋಟೋದ ನೇರ ಕೆಳಗೆ ನಾನು. ಅಪ್ಪನದು ಬೋಳುತಲೆ. ನಲವತ್ತೊಂದನೆಯ ವಯಸ್ಸಿಗೆ ನನ್ನದೂ ಅದೇ. ಕಣ್ಣು, ಮೂಗು ಅಮ್ಮನದು ಎಂದು ಊರಿನಲ್ಲಿ ಹೇಳುತ್ತಾರೆ. ದೆಹಲಿಯಲ್ಲಿ ಅಷ್ಟೆಲ್ಲ ನೋಡಲು ಯಾರಿಗೆ ಪುರುಸೊತ್ತು?

ಒಂದು ಭಾನುವಾರ ಐದಾರು ವರ್ಷದ ಹುಡುಗಿಯೊಬ್ಬಳು ದೋಸೆ ತಿಂದು, ತನ್ನ ಅಪ್ಪನ ಕೈ ಹಿಡಿದು ಗಲ್ಲಾದ ಮುಂದೆ ನಿಂತಳು. ಮೇಲೆ ನೋಡಿದಳು. ಕೆಳಗೆ ನೋಡಿದಳು.

"ಪಾಪಾ, ಅಂಕಲ್ ತೋ ಯಹೀಂ ಬೈಠೇ ಹೈಂ. ಫಿರ್ ಹಾರ್ ಕ್ಯೋಂ ಡಾಲಾ?"

ಅಂಕಲ್ ಇಲ್ಲೇ ಕೂತಿದ್ದಾರಲ್ಲ, ಮತ್ತೆ ಹಾರ ಯಾಕೆ? ನ್ಯಾಯವಾದ ಪ್ರಶ್ನೆ. ಅವಳ ಅಪ್ಪ ಚಿಲ್ಲರೆಯನ್ನೂ ಕಾಯದೆ ಅವಳನ್ನು ಎಳೆದುಕೊಂಡು ಹೋದ. ನಾನು ಮಾತ್ರ ಆ ದಿನವಿಡೀ ಹಾರದ ಕೆಳಗೆ ಕುಳಿತೇ ಇದ್ದೆ.

ಮನೆಗೆ ಬಂದು ಹೆಂಡತಿ ಸುಮನಾಳಿಗೆ ಹೇಳಿದೆ. ಅವಳು ಬೆಂಡೆಕಾಯಿ ಹೆಚ್ಚುತ್ತಿದ್ದಳು.

"ಫೋಟೋನ ಆ ಕಡೆ ಗೋಡೆಗೆ ಹಾಕಿದ್ರೆ ಆಯ್ತಪ್ಪ."

"ಅಪ್ಪನನ್ನು ಕದಲಿಸೋದಾ?" ಎಂದೆ, ಎದೆ ಉಬ್ಬಿಸಿ. ಅಪ್ಪನನ್ನು ಕದಲಿಸುವುದಕ್ಕಿಂತ ನನ್ನ ತಲೆಯನ್ನೇ ಬದಲಿಸುವುದು ಪಿತೃಭಕ್ತಿಗೆ ಒಪ್ಪುವ ಕ್ರಮ ಎಂದು ನನಗೆ ತೋರಿತು.

ನೋಯ್ಡಾದಲ್ಲೊಂದು ಕ್ಲಿನಿಕ್ ಇತ್ತು. ಆಗ ನೋಯ್ಡಾಕ್ಕೆ ಮೆಟ್ರೋ ಇರಲಿಲ್ಲ, ಕಂಬಗಳಷ್ಟೇ ನಿಂತಿದ್ದವು. ಡಾಕ್ಟರು ನನ್ನ ತಲೆಯನ್ನು ಗದ್ದೆ ನೋಡುವ ರೈತನಂತೆ ನೋಡಿದರು. ಹಿಂದಲೆಯಲ್ಲಿ ಬೆಳೆ ಚೆನ್ನಾಗಿದೆ, ಅಲ್ಲಿಂದ ಬುಡಸಮೇತ ತೆಗೆದು ಮುಂದಲೆಯಲ್ಲಿ ನೆಡೋಣ ಎಂದರು. ಮೊದಲು ತಲೆ ಪೂರ್ತಿ ಬೋಳಿಸಬೇಕು. ಮೂರು ವಾರ ಬಿಸಿಲು, ಬೆವರು ಕೂಡದು. ನೆಟ್ಟ ಕೂದಲು ಒಂದು ಸಲ ಉದುರಿ ಮತ್ತೆ ಹುಟ್ಟುತ್ತದೆ. ಮೊಡವೆಯ ಮಾತನ್ನು ಅವರು ಎತ್ತಲಿಲ್ಲ ಎಂಬುದು ನನ್ನ ಸ್ಪಷ್ಟ ನೆನಪು. ಅವರು ಕೊಟ್ಟ ಕಾಗದದಲ್ಲಿ ದಪ್ಪ ಅಕ್ಷರಗಳಲ್ಲಿ ಅದೇ ಬರೆದಿತ್ತು ಎಂಬುದು ಸುಮನಾಳ ಸ್ಪಷ್ಟ ನೆನಪು. ಎರಡೂ ನಿಜವಿರಬಹುದು, ನಾನು ಕಾಗದ ಓದುವ ಪೈಕಿ ಅಲ್ಲ.

ತೊಡಕು ಇದ್ದದ್ದು ಹೋಟೆಲಿನಲ್ಲಿ. ನಮ್ಮ ಅಡುಗೆ ಭಟ್ಟರು ಅಪ್ಪನ ಕಾಲದವರು. ಸಾಂಬಾರಿನ ಪುಡಿಯ ಅಳತೆಯನ್ನು ಅಪ್ಪ ನನಗೆ ಹೇಳದೆ ಅವರಿಗೆ ಹೇಳಿಹೋಗಿದ್ದರು. ಅದಕ್ಕೆ ಕಾರಣ ಉಂಟು. ಇಪ್ಪತ್ತನೆಯ ವಯಸ್ಸಿನಲ್ಲಿ ನಾನು ಅಪ್ಪನಿಗೆ, "ಪ್ಯಾಕೆಟ್ ಪುಡಿ ಸಿಗುತ್ತೆ, ಹಾಕಿ, ಯಾರಿಗೆ ಗೊತ್ತಾಗುತ್ತೆ?" ಎಂದು ಸಲಹೆ ಕೊಟ್ಟಿದ್ದೆ. ಅಪ್ಪ ಏನೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಭಟ್ಟರು ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬರೇ ಪುಡಿ ಹುರಿಯುತ್ತಿದ್ದರು. ಈಗ ಅವರು ಚೌತಿಯ ಹೊತ್ತಿಗೆ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು.

"ಹೋಗುವ ಮೊದಲು ನಿಮಗೆ ಕಲಿಸಿಯೇ ಹೋಗ್ತೇನೆ ಮಾರಾಯ್ರೇ," ಎಂದಿದ್ದರು. "ಜುಲೈಯಲ್ಲೊಂದು ಸಲ, ಆಗಸ್ಟಿನಲ್ಲೊಂದು ಸಲ ನನ್ನ ಜೊತೆ ಒಲೆ ಮುಂದೆ ನಿಲ್ಲಿ. ಇದು ಕಣ್ಣಲ್ಲಿ ನೋಡಿ ಕಲಿಯುವಂಥದ್ದು, ಬರೆಸಿಕೊಳ್ಳುವಂಥದ್ದಲ್ಲ."

ಆ ಪುಡಿ ಇಲ್ಲವಾದರೆ ನಮ್ಮ ಹೋಟೆಲಿಗೂ ಪಕ್ಕದ ಛೋಲೆ-ಭಟೂರೆಯ ಅಂಗಡಿಗೂ ವ್ಯತ್ಯಾಸ ಬೋರ್ಡಿನದು ಮಾತ್ರ. ಇಂಥ ಭಟ್ಟರೆದುರು, "ಕೂದಲು ನೆಡಿಸಿಕೊಳ್ಳಲು ಹೋಗುತ್ತಿದ್ದೇನೆ" ಎಂದು ಹೇಳುವುದು ಹೇಗೆ? ಮೇ ತಿಂಗಳಲ್ಲಿ ಹೊರಡುವ ಹಿಂದಿನ ದಿನ ಗಂಭೀರವಾಗಿ ಹೇಳಿದೆ:

"ಹರಿದ್ವಾರಕ್ಕೆ ಹೋಗಿ ಬರ್ತೇನೆ ಭಟ್ಟರೇ. ಮುಡಿ ಕೊಡುವ ಹರಕೆ ಇದೆ."

ಭಟ್ಟರು ಎರಡೂ ಕೈ ಒರೆಸಿಕೊಂಡು ನನ್ನನ್ನು ನೋಡಿದರು. ಆ ನೋಟದಲ್ಲಿ ನನ್ನ ಬಗ್ಗೆ ಮೊದಲ ಬಾರಿಗೆ ಗೌರವ ಕಂಡಿತು. ನಿಜವಾಗಿ ಕಂಡಿತೇ, ನಾನೇ ಆಮೇಲೆ ಸೇರಿಸಿಕೊಂಡೆನೇ, ಹೇಳಲಾರೆ.

"ಒಂದು ಬಾಟ್ಲಿ ಗಂಗೆ ತನ್ನಿ," ಎಂದರು. "ಇಪ್ಪತ್ತಾರು ವರ್ಷದಿಂದ ದೆಹಲಿಯಲ್ಲಿದ್ದೇನೆ, ಒಂದು ಸಲ ಹೋಗ್ಲಿಕ್ಕೆ ಆಗ್ಲಿಲ್ಲ. ಈ ಒಲೆ ಬಿಡ್ತದಾ?"

ನೋಯ್ಡಾದಲ್ಲಿ ಕೆಲಸ ಸಾಂಗವಾಗಿ ನೆರವೇರಿತು. ಮೂರು ದಿನ ಮುನಿರ್ಕಾದ ನಮ್ಮ ಮನೆಗೂ ಬರದೆ, ಕ್ಲಿನಿಕ್ಕಿನ ಹತ್ತಿರದ ಅತಿಥಿಗೃಹದಲ್ಲಿ ಅಂಗಾತ ಮಲಗಿದ್ದೆ. ನಾಲ್ಕನೆಯ ದಿನ ತಪಾಸಣೆ ಮುಗಿಸಿ ಆಟೋ ಹತ್ತುವಾಗ ಭಟ್ಟರ ಗಂಗೆ ನೆನಪಾಯಿತು! ತಿರುಗಿ ಒಳಗೆ ಹೋದೆ. ಕ್ಲಿನಿಕ್ಕಿನ ಮೂಲೆಯಲ್ಲಿ ಕುಡಿಯುವ ನೀರಿನ ಯಂತ್ರವಿತ್ತು. ತಣ್ಣಗಿನದು, ಬಿಸಿಯದು ಎಂದು ಎರಡು ನಲ್ಲಿ. ಗಂಗೆ ಹಿಮಾಲಯದಿಂದ ಬರುವವಳು ಎಂಬ ಕಾರಣಕ್ಕೆ ತಣ್ಣಗಿನ ನಲ್ಲಿಯಿಂದ ತುಂಬಿಸಿದೆ. ಇಷ್ಟಾದರೂ ಶಾಸ್ತ್ರಬದ್ಧವಾಗಿರಲಿ ಎಂದು.

ಭಟ್ಟರು ಬಾಟಲಿಯನ್ನು ಕಣ್ಣಿಗೆ ಒತ್ತಿಕೊಂಡರು. ಒಂದು ಹನಿ ತೆಗೆದು ಒಲೆಗೆ, ಒಂದು ಹನಿ ಕಲ್ಲಿಗೆ, ಒಂದು ಹನಿ ದೋಸೆ ಹೊಯ್ಯುವ ಸಂಜೀವನಿಗೆ ಪ್ರೋಕ್ಷಿಸಿದರು. ಉಳಿದದ್ದನ್ನು ಪುಟ್ಟ ತಾಮ್ರದ ಗಿಂಡಿಗೆ ತುಂಬಿ, ಮುನಿರ್ಕಾದ ಪಾತ್ರೆ ಅಂಗಡಿಗೆ ಹೋಗಿ ಬಾಯಿಗೆ ಬೆಸುಗೆ ಹಾಕಿಸಿಕೊಂಡು ಬಂದರು.

"ಇದು ಯಾಕೆ ಭಟ್ಟರೇ?"

"ಯಾಕೆಂದರೆ? ಗಂಗಾ ಗಿಂಡಿ ಮಾರಾಯ್ರೇ. ಕಡೇ ಹೊತ್ತಿಗೆ ಒಡೆದು ಬಾಯಿಗೆ ಬಿಡ್ತಾರಲ್ಲ. ನನಗೂ ಒಂದು ದಿನ ಬೇಕಲ್ಲ? ಊರಿಗೆ ತಗೊಂಡು ಹೋಗ್ತೇನೆ. ಇದೊಂದು ಧೈರ್ಯ."

ನನ್ನ ತಲೆಯ ಟೊಪ್ಪಿಯೊಳಗೆ ನೆಟ್ಟ ಜಾಗವೆಲ್ಲ ಒಮ್ಮೆಲೇ ಚುರುಗುಟ್ಟಿತು.

ಜೂನಿನ ಕೊನೆಗೆ ನೆಟ್ಟ ಕೂದಲೆಲ್ಲ ಉದುರಿತು. ಅದು ಉದುರುವುದೇ ಎಂದು ಡಾಕ್ಟರು ಹೇಳಿದ್ದರಿಂದ ನಾನು ಸಮಚಿತ್ತದಿಂದ ಇದ್ದೆ. ಜುಲೈಯ ಮೊದಲ ವಾರ, ಪುಡಿ ಹುರಿಯುವ ಸೋಮವಾರಕ್ಕೆ ಸರಿಯಾಗಿ, ಉದುರಿದ ಜಾಗದಲ್ಲಿ ಮೊಡವೆ ಎದ್ದವು.

ಮೊಡವೆ ಎಂದರೆ ಹದಿನೆಂಟರ ಹುಡುಗಿಯ ಕೆನ್ನೆಯ ಮೇಲಿನದಲ್ಲ. ಕೆಂಪಗೆ, ತುದಿಯಲ್ಲಿ ಬಿಳಿ ಬೊಟ್ಟಿಟ್ಟುಕೊಂಡು, ಕೈ ತಗುಲಿದರೆ ಕಣ್ಣಲ್ಲಿ ನೀರು ಬರಿಸುವಂಥವು. ನನ್ನ ಲೆಕ್ಕದಲ್ಲಿ ಹತ್ತೊಂಬತ್ತು. ಸುಮನಾ ಹನ್ನೊಂದು ಎನ್ನುತ್ತಾಳೆ. ತಲೆ ನನ್ನದಾದರೂ ನೋಡಿದವಳು ಅವಳು, ಹಾಗಾಗಿ ಇಲ್ಲಿ ನಾನು ಹಟ ಹಿಡಿಯುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಮೊಡವೆಗಳು ಸಾಲಾಗಿ ಎದ್ದಿದ್ದವು! ಡಾಕ್ಟರು ನೆಟ್ಟದ್ದು ಸಾಲಿನಲ್ಲಿ. ಹೊಸ ಕೂದಲು ಚರ್ಮ ಸೀಳಿ ಬರಲು ಒದ್ದಾಡುತ್ತಿದ್ದದ್ದೂ ಸಾಲಿನಲ್ಲಿ. ಮುಂದಲೆಯಿಂದ ನೆತ್ತಿಯವರೆಗೆ ಎರಡು ಬಾಗಿದ ಸಾಲುಗಳು, ಅಂಚು ಕಟ್ಟಿದಂತೆ.

ಸೋಮವಾರ ಬೆಳಿಗ್ಗೆ ಶುಭ್ರವಾಗಿ ಸ್ನಾನ ಮಾಡಿ, ಟೊಪ್ಪಿ ಹಾಕಿ, ಅಡುಗೆಮನೆಯ ಬಾಗಿಲಿಗೆ ಬಂದೆ. ಒಳಗೆ ಕೊತ್ತಂಬರಿ ಬೀಜ ಅಳೆದಿಟ್ಟಿತ್ತು. ಕೊಬ್ಬರಿ ಎಣ್ಣೆ ಕಾಯುತ್ತಿತ್ತು. ಅಪ್ಪ ಹೇಳದೆ ಬಿಟ್ಟದ್ದು ಇನ್ನೊಂದು ಗಂಟೆಯಲ್ಲಿ ನನ್ನ ಕೈಸೇರಲಿತ್ತು. ಅಷ್ಟರಲ್ಲಿ ಟೊಪ್ಪಿಯ ಅಂಚು ಒಂದು ಮೊಡವೆಗೆ ಉಜ್ಜಿತು. "ಹಾ!" ಎಂದು ಟೊಪ್ಪಿ ಕಿತ್ತೆ.

ಭಟ್ಟರು ನೋಡಿದರು. ಸಂಜೀವ ನೋಡಿದ. ಸಂಜೀವ ಮೆಲ್ಲನೆ ಬಾಗಿಲಿನ ಕಡೆ ಬೆರಳು ತೋರಿಸಿದ.

ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಸೂಚನೆ ಅಂಟಿಸಿತ್ತು. ಕನ್ನಡದಲ್ಲೂ ಹಿಂದಿಯಲ್ಲೂ. "ಮೈಮೇಲೆ ಕುರು, ಹುಣ್ಣು, ಕೀವು ಇರುವವರಿಗೆ ಯಾವುದೇ ಕಾರಣಕ್ಕೂ ಅಡುಗೆಮನೆಗೆ ಪ್ರವೇಶವಿಲ್ಲ. ಮಾಲೀಕರ ಅಪ್ಪಣೆ." ಮಾಲೀಕರು ಎಂದರೆ ನಾನು. ಹಿಂದಿನ ವರ್ಷ ನಾನೇ ಬರೆದು, ನಾನೇ ಅಂಟಿಸಿ, ಮೊಣಕೈಯಲ್ಲಿ ಕುರುವಾಗಿದ್ದ ಸಂಜೀವನನ್ನು ಅದರ ಪ್ರಕಾರ ಹತ್ತು ದಿನ ಹೊರಗೆ ಕೂರಿಸಿ ಲೋಟ ಒರೆಸಲು ಹಚ್ಚಿದ್ದೆ.

"ನನ್ನದು ಒಂದೇ ಇತ್ತು ಸಾರ್," ಎಂದ ಸಂಜೀವ, ಬಹಳ ವಿನಯದಿಂದ.

ಭಟ್ಟರು ಒಲೆ ಆರಿಸಿ ಹತ್ತಿರ ಬಂದರು. ನನ್ನ ತಲೆಯನ್ನು ಬಗ್ಗಿಸಿ, ಮುಟ್ಟದೆ, ಬಹಳ ಹೊತ್ತು ನೋಡಿದರು. ಅವರ ಮುಖ ಇಳಿಯಿತು.

"ಇದು ಸಾದಾ ಕುರು ಅಲ್ಲ."

"ಸೆಕೆಗೆ ಎದ್ದಿರಬೇಕು ಭಟ್ಟರೇ."

"ಸೆಕೆಯ ಕುರು ಸಾಲಿನಲ್ಲಿ ಏಳ್ತದಾ? ನೋಡಿದ್ರಾ, ಹೀಗೆ ಬಂದು ಹೀಗೆ ತಿರುಗಿ ಹೆಡೆ ಎತ್ತಿದ ಹಾಗುಂಟು. ಇದು ನಾಗನದ್ದು."

ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ನಮ್ಮ ಕಡೆ ಚರ್ಮದಲ್ಲಿ ಏನೇ ಎದ್ದರೂ ಮೊದಲ ಸಂಶಯ ನಾಗದೇವರ ಮೇಲೆ. ಅದೂ ಹರಕೆಗೆ ಮುಡಿ ಕೊಟ್ಟು ಬಂದ ತಲೆಯ ಮೇಲೆ, ಅದೂ ಸಾಲಾಗಿ! ಭಟ್ಟರ ತರ್ಕದಲ್ಲಿ ಒಂದು ಕೂದಲು ನುಸುಳುವಷ್ಟೂ ಸಂದಿಯಿರಲಿಲ್ಲ. ನಿಜ ಹೇಳಿದರೆ ಮಾತ್ರ ಸಂದಿ ಸಿಗುತ್ತಿತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ. ನೋವಾಯಿತು.

"ದೋಷ ಕಳೆಯದೆ ಪುಡಿ ಮುಟ್ಟುವುದು ಬೇಡ," ಎಂದು ಭಟ್ಟರು ಬಾಗಿಲು ಹಾಕಿಕೊಂಡರು. ಒಳಗೆ ಕೊತ್ತಂಬರಿ ಚಟಪಟ ಎನ್ನುವುದು ಕೇಳಿಸಿತು. ನಾನು ಹೊರಗೆ ಸಂಜೀವನ ಜೊತೆ ಲೋಟ ಒರೆಸಿದೆ.

ಇನ್ನುಳಿದದ್ದು ಆಗಸ್ಟಿನ ಒಂದೇ ಸೋಮವಾರ. ಅಷ್ಟರೊಳಗೆ ಮೊಡವೆ ಮಾಯವಾಗಬೇಕು. ಸಹನೆಯಿಂದ ಕಾದಿದ್ದರೆ ತಾವಾಗಿಯೇ ಮಾಯವಾಗುತ್ತಿದ್ದವು ಎಂದು ಆಮೇಲೆ ತಿಳಿಯಿತು. ನಾನು ಕಾಯಲಿಲ್ಲ. ಕಾರ್ಯಪ್ರವೃತ್ತನಾದೆ!

ಮೊದಲನೆಯದಾಗಿ ಇಡ್ಲಿ ಪಾತ್ರೆಯ ಹಬೆ. ಮುಖದ ಮೊಡವೆಗೆ ಹಬೆ ಒಳ್ಳೆಯದೆಂದು ಎಲ್ಲೋ ಓದಿದ್ದೆ. ಅಡುಗೆಮನೆಗೆ ಪ್ರವೇಶವಿಲ್ಲದ್ದರಿಂದ ಮನೆಯಲ್ಲಿ ಕುಕ್ಕರಿನ ಮೇಲೆ ತಲೆ ಬಗ್ಗಿಸಿದೆ. ಮೊಡವೆಗಳು ಸಂತುಷ್ಟವಾಗಿ ದಪ್ಪಗಾದವು. ಎರಡನೆಯದು, ಯಾರಿಗೂ ಕಾಣದಿರಲೆಂದು ಉಣ್ಣೆಯ ಟೊಪ್ಪಿ. ದೆಹಲಿಯ ಜುಲೈಯಲ್ಲಿ ಉಣ್ಣೆಯ ಟೊಪ್ಪಿ ಹಾಕಿದವನನ್ನು ಜನ ಹೆಚ್ಚು ನೋಡುತ್ತಾರೆ ಎಂಬುದನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ನಮ್ಮಲ್ಲಿ ದಿನವೂ ಊಟಕ್ಕೆ ಬರುವ ನಿವೃತ್ತ ಅಧಿಕಾರಿ ಚತುರ್ವೇದಿಯವರು, "ಅಣ್ಣಾ, ಬುಖಾರ್ ಹೈ ಕ್ಯಾ?" ಎಂದು ವಿಚಾರಿಸಿ, ಜ್ವರ ತಮಗೆ ತಗುಲದಂತೆ ದೂರದ ಮೇಜಿಗೆ ಹೋದರು.

ಮೂರನೆಯದು ಊರಿನಿಂದ ಬಂತು. ಭಟ್ಟರು ನನಗೆ ತಿಳಿಸದೆ ಅಮ್ಮನಿಗೆ ಫೋನ್ ಮಾಡಿದ್ದರು. ಅಮ್ಮ ಅಣ್ಣನ ಮನೆಯಲ್ಲಿದ್ದಾಳೆ, ಗಟ್ಟಿ ಹೆಂಗಸು. ಅವಳು ಅಣ್ಣನನ್ನು ಎಬ್ಬಿಸಿಕೊಂಡು ಜೋಯಿಸರಲ್ಲಿಗೆ ಹೋದಳು. ಜೋಯಿಸರು ಕವಡೆ ಹಾಕಿ, "ಹೌದು, ದೂರದಲ್ಲಿರುವವನು ಏನನ್ನೋ ಬುಡಸಮೇತ ಕೀಳಿಸಿದ್ದಾನೆ" ಎಂದರಂತೆ! ನಾಗಬನದ ಮರವೇ ಇರಬೇಕೆಂದು ಮನೆಯವರೆಲ್ಲ ಸೇರಿ ನಿರ್ಣಯಿಸಿದರು. ಅಮ್ಮ ಇದನ್ನೆಲ್ಲ ಹೇಳುವಾಗ ನಾನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ. ಕವಡೆಶಾಸ್ತ್ರದ ಬಗ್ಗೆ ಅಂದಿನಿಂದ ನಾನು ಹಗುರವಾಗಿ ಮಾತಾಡುವುದಿಲ್ಲ.

"ಮಗಾ, ನಿನ್ನ ಹೆಸರಲ್ಲಿ ನಾಗನಿಗೆ ತಂಬಿಲದ ಪೂಜೆ ಮಾಡ್ಸಿದೆ," ಎಂದಳು ಅಮ್ಮ. "ಅರಿಶಿನ ಪ್ರಸಾದ ಕಳ್ಸಿದ್ದೇನೆ. ದಿನಾ ತಲೆಗೆ ತಿಕ್ಕು. ಚೆನ್ನಾಗಿ ತಿಕ್ಕು."

ಚೆನ್ನಾಗಿ ತಿಕ್ಕಿದೆ. ಮೂರು ದಿನದಲ್ಲಿ ಹತ್ತೊಂಬತ್ತು ಇದ್ದದ್ದು ಮೂವತ್ತು ದಾಟಿತು (ಇದನ್ನು ಸುಮನಾಳೂ ಒಪ್ಪುತ್ತಾಳೆ). ತಲೆ ಮಾವಿನಹಣ್ಣಿನ ಬಣ್ಣಕ್ಕೆ ತಿರುಗಿತು. ತರಕಾರಿಯ ಭಯ್ಯಾ ಬೆಂಡೆಕಾಯಿ ತೂಗುತ್ತ, ಹಳದಿ ಶಾಸ್ತ್ರ ಮುಗಿಸಿ ನೇರ ಬಂದಿರಾ, ಎರಡನೆಯ ಮದುವೆಯೇ ಎಂದು ಸುಮನಾಳ ಎದುರಿಗೇ ಕೇಳಿದ.

"ಇವರಿಗೆ ಯಾರು ಕೊಡ್ತಾರೆ?" ಎಂದಳು ಅವಳು. ಕನ್ನಡದಲ್ಲಿ ಹೇಳಿದ್ದರಿಂದ ಮಾನ ಉಳಿಯಿತು.

ಅಂದು ಸಂಜೆಯೇ ಅವಳು ನನ್ನನ್ನು ನೋಯ್ಡಾಕ್ಕೆ ಎಳೆದೊಯ್ದಳು. ಡಾಕ್ಟರು ತಲೆ ನೋಡಿ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಏನೇನು ಹಚ್ಚಿದಿರಿ?"

ಹೇಳಿದೆ. ಅವರು ಬರೆದುಕೊಳ್ಳಲು ತೆರೆದಿದ್ದ ಪೆನ್ನನ್ನು ಮುಚ್ಚಿದರು. ಹೊಸ ಕೂದಲು ಹೊರಬರುವಾಗ ಮೊಡವೆ ಏಳುವುದು ಸಹಜ. ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಶುದ್ಧ ಬಟ್ಟೆ ಅದ್ದಿ ಹತ್ತು ನಿಮಿಷ ಇಡಬೇಕು, ಹಿಚುಕಬಾರದು, ಉಜ್ಜಬಾರದು. ಕೀವು ಹೆಚ್ಚಾದವಕ್ಕೆ ಮಾತ್ರ ಮುಲಾಮು. ಆಮೇಲೆ ಹಿಂದಿಯಲ್ಲಿ ಒಂದು ಮಾತು ಹೇಳಿದರು. ಅದರ ಸಾರ ಇಷ್ಟು: "ನಿಮ್ಮ ತಲೆಯನ್ನು ಅದರ ಪಾಡಿಗೆ ಬಿಡಿ. ಅದಕ್ಕೆ ನಿಮ್ಮ ಸಹಾಯ ಬೇಕಿಲ್ಲ."

"ಎಷ್ಟು ದಿನ?"

"ಐದಾರು ವಾರ."

ಆಗಸ್ಟಿನ ಸೋಮವಾರಕ್ಕೆ ಇದ್ದದ್ದು ಎರಡೇ ವಾರ. ಭಟ್ಟರ ರೈಲು ಅದಾಗಿ ಹತ್ತು ದಿನಕ್ಕೆ.

ಆ ಸೋಮವಾರವೂ ಬಂತು, ಹೋಯಿತು. ನಾನು ತಿಂಡಿ ಕೊಡುವ ಕಿಟಕಿಯ ಈಚೆ ನಿಂತು ಮೂಗಿನಿಂದ ಕಲಿಯಲು ಯತ್ನಿಸಿದೆ. ಮೆಂತ್ಯ ಹುರಿದ ವಾಸನೆ ಬಂದದ್ದು ತಿಳಿಯಿತು. ಎಷ್ಟು ಮೆಂತ್ಯ ಎಂದು ಯಾವ ಮೂಗಿಗೂ ತಿಳಿಯದು.

ಅಂದು ಮಧ್ಯಾಹ್ನ ಮೂರರ ಸುಮಾರಿಗೆ ಹೋಟೆಲು ಖಾಲಿಯಿತ್ತು, ಮೂಲೆಯಲ್ಲಿ ಚತುರ್ವೇದಿಯವರು ಮೊಸರನ್ನ ತಿನ್ನುತ್ತಿದ್ದರು. ಭಟ್ಟರು ತಮ್ಮ ಟ್ರಂಕನ್ನು ಹೊರಗೆ ತಂದು ಒಪ್ಪ ಮಾಡುತ್ತಿದ್ದರು. ಎರಡು ಪಂಚೆ, ಒಂದು ಸ್ವೆಟರು. ಗಿಂಡಿಯನ್ನು ಸ್ವೆಟರಿನಲ್ಲಿ ಸುತ್ತಿ, ಮಗು ಮಲಗಿಸಿದಂತೆ ನಡುವೆ ಇಟ್ಟರು.

ನೋಯ್ಡಾದ ನೀರು ಅದು. ಈ ಮನುಷ್ಯನ ಕೊನೆಯ ಗುಟುಕು ನೋಯ್ಡಾದ ನೀರು! ನಿಜ ಹೇಳಿದರೆ ಪುಡಿ ಕೈತಪ್ಪುತ್ತದೆ; ಸಿಟ್ಟಿಗೆದ್ದ ಭಟ್ಟರು ಅದೇ ರೈಲಿಗೆ ಅಳತೆಯನ್ನೂ ಕೊಂಡೊಯ್ಯುತ್ತಾರೆ. ಹೇಳದಿದ್ದರೆ... ನಾನು ಆ ವಾಕ್ಯವನ್ನು ಮುಂದುವರಿಸಲಿಲ್ಲ. ಆ ಕ್ಷಣದಲ್ಲಿ ಆತ್ಮಸಾಕ್ಷಿ ಮಾತಾಡಿತು ಎಂದು ಬರೆಯಲು ಆಸೆಯಿದೆ. ಆದರೆ ನೆನಪಿರುವುದು ತಲೆ ವಿಪರೀತ ತುರಿಸುತ್ತಿತ್ತು ಎಂಬುದು, ತುರಿಸಬಾರದು ಎಂದು ಕೈ ಕಟ್ಟಿಕೊಂಡಿದ್ದೆ ಎಂಬುದು. ಕೈ ಕಟ್ಟಿ ನಿಂತಾಗ ಬಾಯಿ ಬಿಟ್ಟುಕೊಂಡಿತೋ ಏನೋ.

"ಭಟ್ಟರೇ, ಅದು ಗಂಗೆ ಅಲ್ಲ."

"ಎಂಥದು?"

"ನಾನು ಹರಿದ್ವಾರಕ್ಕೆ ಹೋಗಲೇ ಇಲ್ಲ. ನೋಯ್ಡಾಕ್ಕೆ ಹೋಗಿದ್ದೆ. ಕೂದಲು ನೆಡಿಸಿಕೊಳ್ಳಲಿಕ್ಕೆ. ಅದಕ್ಕೇ ಸಾಲಾಗಿ ಎದ್ದದ್ದು. ನಾಗನಿಗೆ ಇದರಲ್ಲಿ ಏನೂ ಸಂಬಂಧ ಇಲ್ಲ."

ಸಂಜೀವನ ಕೈಯಿಂದ ಲೋಟ ಬಿತ್ತು. ಸ್ಟೀಲಿನದು, ಬಹಳ ಹೊತ್ತು ಉರುಳಿತು.

ಭಟ್ಟರು ಗಿಂಡಿಯನ್ನು ಸ್ವೆಟರಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರು.

"ಕೂದಲಿಗಾ ಸುರೇಶ ರಾಯರೇ?" ಎಂದರು. ಸಿಟ್ಟು ಬಂದಾಗ ಮಾತ್ರ ಅವರು ನನ್ನನ್ನು ರಾಯರೇ ಎನ್ನುವುದು. "ಅಲ್ಲಾ, ನಿಮ್ಮ ಅಮ್ಮ ಎಂಬತ್ತರ ಹತ್ತಿರದವರು, ತಂಬಿಲಕ್ಕೆ ಉಪವಾಸ ಕೂತಿದ್ರು. ಕೂದಲಿಗಾ?"

ನಾನು ಬಗ್ಗಿ ಲೋಟ ಎತ್ತಿಟ್ಟೆ. ಅವರು ಟ್ರಂಕು ಮುಚ್ಚಿ ಒಳಗೆ ಹೋದರು. ಎರಡು ದಿನ ಮಾತಾಡಲಿಲ್ಲ. ಅಡುಗೆಮನೆಯಿಂದ ನನಗೆ ಕಾಫಿ ಬರುವುದು ನಿಂತಿತು.

ಮೂರನೆಯ ದಿನ ನಾನೇ ಕಿಟಕಿಯ ಬಳಿ ಹೋದೆ.

"ಪುಡಿ ಕಲಿಸಬೇಡಿ ಭಟ್ಟರೇ. ಆದರೆ ನಾಳೆ ಹೋಟೆಲಿಗೆ ಬೀಗ. ನಿಮ್ಮನ್ನು ಹರಿದ್ವಾರಕ್ಕೆ ನಾನೇ ಕರೆದುಕೊಂಡು ಹೋಗ್ತೇನೆ. ನಿಮ್ಮ ಕೈಯಲ್ಲೇ ತುಂಬಿಸಿಕೊಳ್ಳಿ."

ಭಟ್ಟರು ಬಹಳ ಹೊತ್ತು ಸೌಟು ತೊಳೆದರು.

"ಒಂದು ಷರತ್ತು. ದೇವರ ಹೆಸರಲ್ಲಿ ಮುಡಿ ಕೊಟ್ಟೆ ಅಂತ ಹೇಳಿಯಾಗಿದೆ. ಹೇಳಿದ ಮಾತು ಸುಳ್ಳಾಗಬಾರದು. ಅಲ್ಲಿ ನೀವು ಮುಡಿ ಕೊಡ್ಬೇಕು."

ಬಸ್ಸಿನಲ್ಲಿ ಆರೇಳು ತಾಸು. ಘಾಟಿನಲ್ಲಿ ಭಟ್ಟರು ನೀರಿಗಿಳಿದು ನಿಂತದ್ದನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಇಪ್ಪತ್ತಾರು ವರ್ಷ ಒಲೆಯ ಮುಂದೆ ನಿಂತವರು ಆ ತಣ್ಣೀರಿನಲ್ಲಿ ನಿಂತೇ ಇದ್ದರು. ನಾನು ಮೆಟ್ಟಿಲ ಮೇಲೆ ಕ್ಷೌರಿಕನ ಮುಂದೆ ಕುಳಿತೆ. ಅವನು ನನ್ನ ಟೊಪ್ಪಿ ತೆಗೆದ. ಹಾಗೆಯೇ ತಿರುಗಿ ಇಟ್ಟ.

"ಇಸ್ ಪರ್ ಉಸ್ತರಾ ನಹೀಂ ಚಲೇಗಾ, ಬಾಬೂಜೀ."

ಇದರ ಮೇಲೆ ಕತ್ತಿ ಆಡಿಸಲಾರೆ ಎಂದ. ಭಟ್ಟರು ಒದ್ದೆ ಪಂಚೆಯಲ್ಲೇ ಬಂದು ಒತ್ತಾಯಿಸಿದರು. ಅವನು ಕೈಮುಗಿದ. ಹಾಗೆ ನೋಡಿದರೆ ಇಲ್ಲಿ ಬೋಳಿಸಲು ಇರುವುದಾದರೂ ಏನು, ಗಂಗಾಮಾತೆಗೆ ಮೊಡವೆ ಒಪ್ಪಿಸುತ್ತೀರಾ, ಕೂದಲು ಬಂದ ಮೇಲೆ ಬನ್ನಿ ಎಂದ. ತೀರ್ಥಕ್ಷೇತ್ರದಲ್ಲಿ ಮುಡಿಗೆ ಅನರ್ಹನೆಂದು ವಾಪಸು ಕಳಿಸಲ್ಪಟ್ಟ ಮೊದಲ ಭಕ್ತ ನಾನೇ ಇರಬೇಕು.

ಭಟ್ಟರಿಗೆ ನಗು ಬಂತು. ಜೋರಾಗಿ ಬಂತು. ಮೆಟ್ಟಿಲ ಮೇಲೆ ಕುಳಿತು, ಕಣ್ಣೊರೆಸಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ನೀರಿನಂಚಿನ ಮರಳನ್ನು ಮುಷ್ಟಿಯಲ್ಲಿ ತೆಗೆದರು.

"ಬನ್ನಿ ಇಲ್ಲಿ. ಇದೇನು ಅಡುಗೆಮನೆ ಅಲ್ವಲ್ಲ. ನಿಮ್ಮ ಬೋರ್ಡು 'ಯಾವುದೇ ಕಾರಣಕ್ಕೂ' ಅಂತ ಹೇಳಿದ್ದು ಅಲ್ಲಿಗೆ."

ಅವರು ಮರಳಿನ ಗುಪ್ಪೆಗಳನ್ನು ಮಾಡಿದರು. ಇದು ಕೊತ್ತಂಬರಿ. ಇದು ಮೆಣಸು. ಇದು ಉದ್ದಿನಬೇಳೆ. ಇದು ಜೀರಿಗೆ. ಇಷ್ಟೇ ಮೆಂತ್ಯ, ಒಂದು ಕಾಳು ಹೆಚ್ಚಾದರೂ ಕಹಿ. ಇಂಗು, ಕರಿಬೇವಿಗೆ ಅಳತೆ ಬೇಡ, ಅದು ಎಲ್ಲರಿಗೂ ಗೊತ್ತು. ನಾನು ಪ್ರತಿ ಗುಪ್ಪೆಯನ್ನೂ ನನ್ನ ಮುಷ್ಟಿಯಿಂದ ಅಳೆದೆ, ಚೀಟಿಯಲ್ಲಿ ಬರೆದೆ. ಅಪ್ಪನ ಕೈ ನನ್ನದಕ್ಕಿಂತ ದೊಡ್ಡದಿತ್ತೇ ಎಂದು ಕೇಳಿದೆ. "ಒಂದು ಬೆರಳಿನಷ್ಟು," ಎಂದರು ಭಟ್ಟರು.

"ಐದು ಆಯ್ತು," ಎಂದೆ.

"ಆರನೆಯದು ಉಂಟು. ಅದು ಮುಡಿ ಕೊಟ್ಟ ಮೇಲೆ."

ಎಷ್ಟು ಬೇಡಿಕೊಂಡರೂ ಹೇಳಲಿಲ್ಲ. ತಮ್ಮ ಕೈಯಿಂದಲೇ ತುಂಬಿಸಿದ ಹೊಸ ಗಿಂಡಿಯೊಂದಿಗೆ ರೈಲು ಹತ್ತಿ ಊರಿಗೆ ಹೋದರು.

ಸೆಪ್ಟೆಂಬರಿನಲ್ಲಿ ಮೊಡವೆ ತಣ್ಣಗಾದವು. ಬೆಚ್ಚನೆಯ ಬಟ್ಟೆ ಬಿಟ್ಟು ನಾನು ಏನೂ ಮಾಡಿರಲಿಲ್ಲ, ಅದೇ ಗುಟ್ಟು. ದೀಪಾವಳಿಗೆ ಕೂದಲಿನ ಮೊಳಕೆ. ಹೋಳಿ ಹಬ್ಬದ ಹೊತ್ತಿಗೆ ಬಾಚಣಿಗೆ ಕೊಂಡೆ. ಮುಂದಿನ ಮೇ ತಿಂಗಳಲ್ಲಿ ನನಗೆ ಬೈತಲೆ ತೆಗೆಯುವಷ್ಟು ಕೂದಲಿತ್ತು! ಕಪ್ಪಗೆ, ದಟ್ಟವಾಗಿ, ಗಾಳಿಗೆ ಅಲುಗಾಡುವಂಥದ್ದು. ಸುಮನಾ ಕೂಡ ಒಂದು ಸಲ ದಿಟ್ಟಿಸಿ ನೋಡಿ, "ಪರವಾಗಿಲ್ಲ," ಎಂದಳು. ಹದಿನಾರು ವರ್ಷದ ದಾಂಪತ್ಯದಲ್ಲಿ ಇದು ಪದಕ.

ಆದರೆ ನಾನೇ ಹುರಿದ ಪುಡಿಯಲ್ಲಿ ಸಾಂಬಾರು ಸರಿಹೋಗಲಿಲ್ಲ. ಮೊದಲ ತಿಂಗಳಿಂದಲೇ ಚತುರ್ವೇದಿಯವರು ಒಂದು ಚಮಚ ಬಾಯಿಗಿಟ್ಟು, "ಭಟ್‌ಜೀ ಛುಟ್ಟಿ ಸೇ ನಹೀಂ ಲೌಟೇ?" ಎಂದು ಕೇಳುತ್ತಿದ್ದರು. ರಜೆ ಮುಗಿಸಿ ಇನ್ನೂ ಬಂದಿಲ್ಲವೇ? ನಾನು ಆರನೆಯದನ್ನು ಊಹಿಸಲು ತೊಡಗಿದೆ. ಕಡಲೆಬೇಳೆ ಹಾಕಿದೆ. ಚಕ್ಕೆ ಹಾಕಿದೆ. ಎಳ್ಳು, ಗಸಗಸೆ, ಕಾಳುಮೆಣಸು, ಒಂದು ಸಲ ಹತಾಶೆಯಿಂದ ಸೋಂಪು. ಸೋಂಪಿನ ದಿನ ಚತುರ್ವೇದಿಯವರು ಛೋಲೆ-ಭಟೂರೆಯ ಅಂಗಡಿಯಲ್ಲಿ ಕೂತಿದ್ದು ಕಂಡಿತು. ಅಪ್ಪನ ಹೋಟೆಲಿನ ಮೂವತ್ತು ವರ್ಷದ ಗಿರಾಕಿ. ಕೈಯಲ್ಲಿ ಉಪ್ಪಿನಕಾಯಿ. ನನ್ನನ್ನು ಕಂಡು ಮುಖ ಬೇರೆ ಕಡೆ ತಿರುಗಿಸಿದರು.

ಆ ರಾತ್ರಿ ಕನ್ನಡಿಯೆದುರು ಬಹಳ ಹೊತ್ತು ನಿಂತೆ. ಬೆಳಿಗ್ಗೆ ಹರಿದ್ವಾರದ ಬಸ್ಸು ಹತ್ತಿದೆ.

ಕ್ಷೌರಿಕ ಅವನೇ ಎಂದು ನನಗನಿಸಿತು. ಅವನಿಗೆ ನನ್ನ ಗುರುತು ಸಿಗಲಿಲ್ಲ. ಬೆರಳಾಡಿಸಿ, "ಬಹುತ್ ಅಚ್ಛೇ ಬಾಲ್ ಹೈಂ," ಎಂದು ಮೆಚ್ಚಿದ. ಆ ಕೂದಲನ್ನು ಮೆಚ್ಚಿದ ಮೊದಲ ಅಪರಿಚಿತ. ಮೆಚ್ಚಿಕೊಂಡೇ ನಾಲ್ಕು ನಿಮಿಷದಲ್ಲಿ ತೆಗೆದ. ನೀರು ಅದನ್ನು ಎಲ್ಲಿಗೆ ಒಯ್ದಿತೋ ನೋಡಲಿಲ್ಲ. ಮೆಟ್ಟಿಲ ಮೇಲಿಂದಲೇ ಭಟ್ಟರಿಗೆ ಮೊಬೈಲಿನಲ್ಲಿ ಫೋನ್ ಹಚ್ಚಿದೆ.

"ಕೊಟ್ಟೆ ಭಟ್ಟರೇ."

"ಪೂರಾ?"

"ಪೂರಾ. ಈಗ ಆರನೆಯದು ಹೇಳಿ."

"ಆರನೆಯದಾ?" ಆ ಕಡೆ ಭಟ್ಟರು ಕೆಮ್ಮಿದರು, ಅಥವಾ ನಕ್ಕರು. "ಆರನೆಯದು ಅಂತ ಎಂಥದೂ ಇಲ್ಲ ಮಾರಾಯ್ರೇ. ಮುಡಿ ಕೊಡ್ಲಿ ಅಂತ ಅವತ್ತು ಹಾಗೆ ಹೇಳಿದೆ. ಐದೇ."

"ಮತ್ತೆ ಸಾಂಬಾರು ಯಾಕೆ...?"

"ಕೊತ್ತಂಬರಿ ಹುರಿಯುವಾಗ ಒಲೆ ಬಿಟ್ಟು ಹೋಗಬಾರದು. ಸಂಜೀವ ಫೋನ್ ಮಾಡ್ತಿರ್ತಾನೆ. ನೀವು ಬಾಣಲೆಗೆ ಹಾಕಿ, ಕೈ ತೊಳೆಯುವಲ್ಲಿಗೆ ಹೋಗ್ತೀರಂತೆ. ಅಲ್ಲಿ ಕನ್ನಡಿ ಉಂಟಲ್ಲ. ಒಂದು ಬಾಣಲೆಗೆ ಮೂರು ಸಲ, ನಾಲ್ಕು ಸಲ. ಸೀದು ಹೋಗದೆ ಏನಾಗ್ತದೆ?"

ನಾನು ಬೋಳುತಲೆ ಸವರಿಕೊಂಡೆ. ಮೂರು ಸಲವೋ ನಾಲ್ಕು ಸಲವೋ ಎಂದು ತಕರಾರು ತೆಗೆಯುವಂತೆಯೂ ಇರಲಿಲ್ಲ.

ಮುಂದಿನ ಸೋಮವಾರ ಪುಡಿ ಮಾಡಿದೆ. ಮರುದಿನ ಚತುರ್ವೇದಿಯವರು ಬಂದು ಎರಡನೆಯ ಸಲ ಸಾಂಬಾರು ಹಾಕಿಸಿಕೊಂಡರು. ಪುಡಿ ಸರಿಯಾಯಿತು ಎಂದೇ ಇದರ ಅರ್ಥ? ಅಂದು ಚಟ್ನಿ ಮುಗಿದಿತ್ತು ಎಂದು ಸಂಜೀವ ಹೇಳುತ್ತಾನೆ. ಇರಲಿ. ನಾನು ಪ್ರಮಾಣ ಮಾಡಿ ಹೇಳಬಲ್ಲದ್ದು ಇಷ್ಟೇ: ಆ ಸೋಮವಾರ ಕೊತ್ತಂಬರಿ ಹುರಿದು ಕೆಳಗಿಳಿಸುವವರೆಗೂ ನಾನು ಒಲೆಯ ಮುಂದಿನಿಂದ ಒಂದು ಹೆಜ್ಜೆ ಕದಲಲಿಲ್ಲ. ಹೋಗಿ ನೋಡುವಂಥದ್ದು ಏನೂ ಉಳಿದಿರಲಿಲ್ಲ.